ಬಿಗಿ ಮುಚ್ಚಿದರೆ ಮಾತ್ರ ಮದ್ದು

ಹಗೇವು ತೆರೆದ ಕೂಡಲೇ ಒಳಗೆ ಇಳಿಯಬಾರದು. ಬಾಯಿಯ ಮೇಲಿನ ಮಣ್ಣು ತೆಗೆದು, ಹಾಸುಗಲ್ಲು ಸರಿಸಿ, ಒಂದು ಹೊತ್ತು ಹಾಗೇ ಬಿಡಬೇಕು. ಆಮೇಲೆ ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಇನ್ನೂ ಕಾಯಬೇಕು. ಕಲಬುರ್ಗಿ, ವಿಜಯಪುರ, ಬೀದರ್ ಕಡೆಯ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಈ ಕಣಜದಲ್ಲಿ ಇಡುತ್ತಿದ್ದ ಕಾಲದ ಹಿರಿಯರಿಗೆ ಈ ನಿಯಮವನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಅವಸರಪಟ್ಟು ಇಳಿದವರು ಮೇಲೆ ಬರಲಿಲ್ಲ ಎಂಬ ಅನುಭವವೇ ನಿಯಮವಾಗಿತ್ತು.

ಹಗೇವಿನೊಳಗೆ ಯಾವ ವಿಷವನ್ನೂ ಹಾಕುತ್ತಿರಲಿಲ್ಲ. ಕಾಳಿಗೂ ಜೀವವಿದೆ, ಅದು ಉಸಿರಾಡುತ್ತದೆ. ಕಾಳಿನ ಜತೆ ಒಳಹೋದ ಹುಳವೂ ಉಸಿರಾಡುತ್ತದೆ. ಹೊರಗಿನ ಗಾಳಿ ನುಸುಳದಂತೆ ಮಣ್ಣು ಮೆತ್ತಿದ್ದರೆ ಒಳಗಿನ ಆಮ್ಲಜನಕ ದಿನದಿಂದ ದಿನಕ್ಕೆ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಕೊನೆಗೆ ಹುಳ ತಾನು ಬಿಟ್ಟ ಉಸಿರಿನಲ್ಲೇ ಸಾಯುತ್ತದೆ. ಕಂದೀಲು ಆರುತ್ತಿದ್ದುದೂ, ಮನುಷ್ಯ ಕುಸಿದು ಬೀಳುತ್ತಿದ್ದುದೂ ಅದೇ ಗಾಳಿಯಿಂದ. ಕೊಯ್ದ ಫಸಲನ್ನು ಅನಿಲದಿಂದ ಕಾಪಾಡುವ ವಿದ್ಯೆಯನ್ನು ಇಂದು ಧೂಮೀಕರಣ ಎನ್ನುತ್ತೇವೆ. ಕಿತ್ತಳೆ ಹಣ್ಣಿನ ಪೆಟ್ಟಿಗೆಯಿಂದ ತೊಗರಿ ಚೀಲದವರೆಗೆ ಜಗತ್ತಿನ ಎಲ್ಲ ಬಂದರು, ಗೋದಾಮುಗಳಲ್ಲಿ ಅದು ನಡೆಯುತ್ತದೆ. ಅದರ ಗುಟ್ಟು ಇರುವುದು ಹಗೇವಿನ ಬಾಯಿಗೆ ಮೆತ್ತಿದ ಮಣ್ಣಿನಲ್ಲಿ. ಅನಿಲ ಎಷ್ಟು ಘೋರವಾದದ್ದು ಎಂಬುದಕ್ಕಿಂತ ಎಷ್ಟು ಬಿಗಿಯಾಗಿ ಮುಚ್ಚಿದಿರಿ, ಎಷ್ಟು ದಿನ ಕಾದಿರಿ ಎಂಬುದೇ ಹೆಚ್ಚು. ಈ ಮಾತನ್ನು ಮರೆತದ್ದಕ್ಕೆ ನಮ್ಮ ರೈತರು ಕಾಳು ಕಳೆದುಕೊಳ್ಳುತ್ತಿದ್ದಾರೆ, ಕೆಲವರು ಜೀವವನ್ನೂ.

ಬಸವಕಲ್ಯಾಣ ಸೀಮೆಯ ಗೋರ್ಟಾ (ಬಿ) ಎಂದರೆ ನಾಡಿಗೆ ನೆನಪಾಗುವುದು 1948ರ ಮೇ ತಿಂಗಳು. ರಜಾಕಾರರ ದಾಳಿಗೆ ಊರಿಗೆ ಊರೇ ರಕ್ತದಲ್ಲಿ ನೆಂದಿತ್ತು. ಸತ್ತವರ ಸ್ಮಾರಕ ಅಲ್ಲಿದೆ. ಸ್ಮಾರಕ ನೋಡಿ ಹಿಂದಿರುಗುವವರು ಸುತ್ತಲಿನ ಹೊಲಗಳನ್ನೂ ಒಮ್ಮೆ ನೋಡಬೇಕು. ಮುಂಗಾರಿಗೆ ಸೋಯಾ, ಹೆಸರು, ಉದ್ದು, ತೊಗರಿ. ಹಿಂಗಾರಿಗೆ ಕಡಲೆ, ಜೋಳ. ನೀರಿರುವ ಕಡೆ ಕಬ್ಬು. ಬೇಳೆಕಾಳಿನ ಮೇಲೆ ನಿಂತ ಬದುಕು ಇದು. ಒಕ್ಕಣೆ ಮುಗಿದ ಮೇಲೆ ಒಂದಷ್ಟು ಕಾಳು ಬಸವಕಲ್ಯಾಣ, ಹುಮನಾಬಾದ್ ಗಂಜಿಗೆ (ಧಾನ್ಯ ಮಾರುಕಟ್ಟೆಗೆ) ಹೋಗುತ್ತದೆ, ಒಂದಷ್ಟು ಬೀಜಕ್ಕೂ ಊಟಕ್ಕೂ ಮನೆಯಲ್ಲಿ ಉಳಿಯುತ್ತದೆ. ಧಾರಣೆ ಏರಲಿ ಎಂದು ಕಾಯುವವರ ಕಾಳು ಗೋದಾಮಿನಲ್ಲಿರುತ್ತದೆ. ಕಾಯುವ ಆ ತಿಂಗಳುಗಳಲ್ಲೇ ಹುಳದ ಕಾಟ.

ಹುಳ ಹತ್ತಿದ ಹೆಸರುಕಾಳನ್ನು ಒಂದು ಹಿಡಿ ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿದು ನೋಡಿ. ಹಸಿರು ಸಿಪ್ಪೆಯ ಮೇಲೆ ಸುಣ್ಣದ ಚುಕ್ಕೆಯಂಥ ಬಿಳಿ ಗುರುತು ಕಾಣುತ್ತದೆ. ಉಗುರಿನಿಂದ ಕೆರೆದರೆ ಸುಲಭಕ್ಕೆ ಬಿಡುವುದಿಲ್ಲ. ಅದು ಬೇಳೆಕಾಳಿನ ದುಂಬಿ ಇಟ್ಟ ಮೊಟ್ಟೆ. ಮರಿ ಮೊಟ್ಟೆಯಿಂದ ಹೊರಗೆ ಬರುವುದೇ ಇಲ್ಲ. ಮೊಟ್ಟೆಯ ತಳದಿಂದಲೇ ಸಿಪ್ಪೆ ಕೊರೆದು ನೇರ ಕಾಳಿನೊಳಕ್ಕೆ ಇಳಿಯುತ್ತದೆ. ತಿನ್ನುವುದು, ಬೆಳೆಯುವುದು, ಕೋಶವಾಗುವುದು ಎಲ್ಲವೂ ಒಳಗೇ. ಬೆಚ್ಚಗಿನ ದಿನಗಳಲ್ಲಿ ಹೆಚ್ಚುಕಡಿಮೆ ಒಂದು ತಿಂಗಳಿಗೆ ದುಂಡನೆಯ ಕಿಂಡಿ ತೆರೆದು ದುಂಬಿ ಹೊರಬರುತ್ತದೆ. ನಮಗೆ ಹುಳ ಕಾಣುವುದು ಆಗ. ಅಷ್ಟರಲ್ಲಿ ಚೀಲದ ಅರ್ಧಕ್ಕರ್ಧ ಕಾಳಿನ ಮೇಲೆ ಮುಂದಿನ ತಲೆಮಾರಿನ ಬಿಳಿ ಚುಕ್ಕೆ ಬಿದ್ದಿರುತ್ತದೆ. ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ. ಈ ಹುಳ ಗೋದಾಮಿನಲ್ಲೇ ಹುಟ್ಟಬೇಕೆಂದಿಲ್ಲ. ಹೊಲದಲ್ಲಿ ಕಾಯಿ ಮಾಗುವಾಗಲೇ ದುಂಬಿ ಹಾರಿಬಂದು ಮೊಟ್ಟೆ ಇಟ್ಟಿರುತ್ತದೆ. ಅಂದರೆ ರಾಶಿಯ ದಿನ ರೈತ ಕಾಳಿನ ಜತೆ ಹುಳವನ್ನೂ ಮನೆಗೆ ಹೊತ್ತು ತಂದಿರುತ್ತಾನೆ.

ಹೊರಗೆ ಚೆಂದ, ಒಳಗೆ ಹುಳ ಎಂಬ ಈ ಸಂಕಟವೇ ಕಿತ್ತಳೆ, ಮೋಸಂಬಿ ಬೆಳೆಗಾರನದೂ. ಅಲ್ಲಿ ಶತ್ರು ಹಣ್ಣಿನ ನೊಣ. ಹೆಣ್ಣು ನೊಣ ಸೂಜಿಯಂಥ ಅಂಗದಿಂದ ಸಿಪ್ಪೆ ಚುಚ್ಚಿ ಕೆಳಗೆ ಮೊಟ್ಟೆ ಇಡುತ್ತದೆ. ಎರಡು ಮೂರು ದಿನಕ್ಕೆ ಮರಿಯೊಡೆದು ತೊಳೆಯೊಳಗೆ ಇಳಿಯುತ್ತದೆ. ಕೊಯ್ಯುವ ದಿನ ಚುಚ್ಚಿದ ಗುರುತು ಅನುಭವಿಯ ಕಣ್ಣಿಗೂ ತಪ್ಪಬಹುದು. ನಮ್ಮ ಮಾವು, ಪೇರಲೆಯನ್ನು ಹಾಳು ಮಾಡುವ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಕಿತ್ತಳೆ ಜಾತಿಯನ್ನೂ ಬಿಡುವುದಿಲ್ಲ. ಹುಳಿ ನಿಂಬೆಗೆ ಅದರ ಕಾಟ ಕಡಿಮೆ. ನಿಂಬೆಯ ಚಿಂತೆ ಸಿಪ್ಪೆಗೆ ಅಂಟಿಕೊಂಡು ಕೂರುವ ಶಲ್ಕ ಕೀಟ, ಹಿಟ್ಟು ತಿಗಣೆಗಳದು.

ಮನೆಯಲ್ಲಾದರೆ ಹುಳ ಬಿದ್ದ ಹಣ್ಣನ್ನು ಕುಯ್ದು ಆ ಭಾಗ ಬಿಸಾಡಿ ಉಳಿದದ್ದನ್ನು ತಿನ್ನಬಹುದು. ದೇಶದ ಗಡಿ ದಾಟುವ ಹಣ್ಣಿಗೆ ಆ ರಿಯಾಯಿತಿ ಇಲ್ಲ. ಒಂದು ದೇಶದಲ್ಲಿ ಇಲ್ಲದ ಕೀಟ ಒಂದು ಹಣ್ಣಿನಲ್ಲಿ ಬಂದಿಳಿದರೂ ಇಡೀ ತೋಟಗಾರಿಕೆಗೆ ಕುತ್ತು. 1929ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮೆಡಿಟರೇನಿಯನ್ ಹಣ್ಣಿನ ನೊಣ ಕಂಡಾಗ ಸರ್ಕಾರ ರಸ್ತೆಗಳಿಗೆ ಕಾವಲು ಹಾಕಿ, ತೋಟಗಳ ಹಣ್ಣನ್ನು ಕಿತ್ತು ಹೂಳಿಸಿತು. 1930ರ ಹೊತ್ತಿಗೆ ನೊಣ ನಿರ್ಮೂಲವಾಯಿತು. ರೈತರು ತೆತ್ತ ಬೆಲೆ ದೊಡ್ಡದು. ನಮ್ಮ ನೆರೆಯಲ್ಲೇ ಇನ್ನೊಂದು ಉದಾಹರಣೆ ಇದೆ. ಹತ್ತಿಯಂಥ ಬಿಳಿ ಮೈಯ ಒಂದು ಶಲ್ಕ ಕೀಟ ಆಸ್ಟ್ರೇಲಿಯಾದಿಂದ ಹೊರಟು ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ನೆಲಕಚ್ಚಿಸಿ, 1928ರಲ್ಲಿ ನೀಲಗಿರಿಯಲ್ಲಿ ಪ್ರತ್ಯಕ್ಷವಾಯಿತು. ಸಸ್ಯಗಳ ಜತೆ ಕೀಟ ಬರದಂತೆ ತಡೆಯಲು 1914ರಲ್ಲೇ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ ಬಂದಿತ್ತು. ಕಾಯ್ದೆ ಇದ್ದೂ ಕೀಟ ಬಂತು. ಅದನ್ನು ಹದ್ದುಬಸ್ತಿಗೆ ತಂದದ್ದು ಹೊರಗಿನಿಂದ ತರಿಸಿದ ವೆಡಾಲಿಯಾ ಎಂಬ ಗುಲಗಂಜಿ ಹುಳು.

ಹಣ್ಣು ಮಾತ್ರ ಅಪಾಯ ತರುತ್ತದೆ ಎಂದಲ್ಲ. ಏಷ್ಯಾದ ಸಿಟ್ರಸ್ ಸಿಲ್ಲಿಡ್ ಎಂಬ ಪುಟ್ಟ ಜಿಗಿ ಕೀಟ 1998ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು, ಅದು ಹರಡುವ ಹಸಿರು ರೋಗ 2005ರಲ್ಲಿ ಪತ್ತೆಯಾಯಿತು. 2003-04ರಲ್ಲಿ 24 ಕೋಟಿಗೂ ಹೆಚ್ಚು ಪೆಟ್ಟಿಗೆ ಕಿತ್ತಳೆ ಬೆಳೆದ ರಾಜ್ಯ ಇಪ್ಪತ್ತು ವರ್ಷಗಳಲ್ಲಿ ಸುಮಾರು ಒಂದೂಕಾಲು ಕೋಟಿಗೆ ಇಳಿದಿದೆ. ನಡುನಡುವೆ ಬೀಸಿದ ಚಂಡಮಾರುತಗಳ ಪಾಲೂ ಅದರಲ್ಲಿದೆ, ಆದರೆ ಮೂಲ ಪೆಟ್ಟು ರೋಗದ್ದು. ಇದೇ ರೋಗ ನಮ್ಮ ಕೊಡಗಿನ ಕಿತ್ತಳೆಯನ್ನೂ ಹಣಿದಿದೆ. ಬಂದರಿನ ಅಧಿಕಾರಿ ಒಂದು ಪೆಟ್ಟಿಗೆಗಾಗಿ ಇಡೀ ಕಂಟೇನರ್ ತಡೆದರೆ ಅದು ಅಧಿಕಾರದ ಹಟ ಎಂದು ನಮಗೆ ಅನ್ನಿಸಬಹುದು. ಅದರ ಹಿಂದೆ ಇಂಥ ಲೆಕ್ಕವಿದೆ.

ಡೇರೆಯೊಳಗಿನ ಮರ

ಅನಿಲದಿಂದ ಕೀಟ ಕೊಲ್ಲುವ ವಿದ್ಯೆ ಆಧುನಿಕ ರೂಪದಲ್ಲಿ ಬೆಳೆದದ್ದೇ ಕಿತ್ತಳೆ ತೋಟದಲ್ಲಿ. 1886ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿ.ಡಬ್ಲ್ಯು. ಕಾಕಿಲೆಟ್ ಎಂಬ ಕೀಟವಿಜ್ಞಾನಿ ಒಂದೊಂದು ಮರಕ್ಕೂ ಬಟ್ಟೆಯ ಡೇರೆ ಹೊದಿಸಿ ಒಳಗೆ ಹೈಡ್ರೋಜನ್ ಸಯನೈಡ್ ಅನಿಲ ಬಿಟ್ಟು ನೋಡಿದ. ಶಲ್ಕ ಕೀಟ ಸತ್ತಿತು, ಮರ ಉಳಿಯಿತು. ಮುಂದಿನ ಮೂವತ್ತು ವರ್ಷ ಅಲ್ಲಿನ ತೋಟಗಾರರು ರಾತ್ರಿಯಿಡೀ ಡೇರೆ ಹೊತ್ತು ಮರದಿಂದ ಮರಕ್ಕೆ ಓಡಾಡಿದರು. 1910ರ ದಶಕದ ಮಧ್ಯಕ್ಕೆ ಬಂದಾಗ ಕೆಲವು ತೋಟಗಳಲ್ಲಿ ಎಷ್ಟು ಅನಿಲ ಬಿಟ್ಟರೂ ಕೆಂಪು ಶಲ್ಕ ಕೀಟ ಸಾಯಲಿಲ್ಲ. ಕೀಟ ವಿಷಕ್ಕೆ ಒಗ್ಗಿಕೊಳ್ಳುತ್ತದೆ ಎಂದು ಜಗತ್ತಿಗೆ ಮೊದಮೊದಲು ತಿಳಿಸಿದ ಪ್ರಸಂಗಗಳಲ್ಲಿ ಇದೂ ಒಂದು. ಅರೆಬರೆ ಅನಿಲಕ್ಕೆ ಸಿಕ್ಕೂ ಬದುಕಿದ ಕೀಟವೇ ಮುಂದಿನ ಸಂತತಿಯ ತಾಯಿ. ಈ ಪಾಠ ಮುಂದೆ ಗೋರ್ಟಾದ ತೊಗರಿ ಚೀಲಕ್ಕೂ ಬೇಕಾಗುತ್ತದೆ.

ಕೊಯ್ದ ಹಣ್ಣಿಗೆ ಹೆಚ್ಚು ಒಗ್ಗಿದ್ದು ಮೀಥೈಲ್ ಬ್ರೋಮೈಡ್. 1932ರಲ್ಲಿ ಫ್ರಾನ್ಸಿನಲ್ಲಿ ಅದರ ಕೀಟನಾಶಕ ಗುಣ ಪತ್ತೆಯಾಯಿತು. ಬಣ್ಣವಿಲ್ಲ, ಬಳಸುವ ಮಟ್ಟದಲ್ಲಿ ವಾಸನೆಯೂ ಇಲ್ಲ, ಗಾಳಿಗಿಂತ ಮೂರು ಪಟ್ಟು ಭಾರ. ಹಣ್ಣಿನ ಸಿಪ್ಪೆ ದಾಟಿ ಒಳಗಿರುವ ಮರಿಯನ್ನೂ ಮುಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಗ ಮುಗಿಯುತ್ತದೆ. 21 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಒಂದು ಘನಮೀಟರ್ ಜಾಗಕ್ಕೆ 32 ಗ್ರಾಂ, ಎರಡು ಗಂಟೆ: ಹಲವು ಹಣ್ಣುಗಳಿಗೆ, ಹಲವು ದೇಶಗಳ ನಿಯಮದಲ್ಲಿ ಕಾಣುವ ಲೆಕ್ಕ ಇದು. ತಂಪು ಹೆಚ್ಚಿದಷ್ಟೂ ಕೀಟದ ಉಸಿರಾಟ ನಿಧಾನವಾಗುತ್ತದೆ, ಆಗ ಅನಿಲವನ್ನೂ ಹೆಚ್ಚಿಸಬೇಕು. ಹಾಗಾಗಿ ಕೆಲಸಕ್ಕೆ ಇಳಿಯುವ ಮೊದಲು ಧೂಮೀಕರಣದವರು ಥರ್ಮಾಮೀಟರನ್ನು ಹಣ್ಣಿನ ತಿರುಳಿಗೇ ಚುಚ್ಚಿ ನೋಡುತ್ತಾರೆ. ಕೋಣೆಯ ಗಾಳಿ ಬೆಚ್ಚಗಿದ್ದರೂ ಶೀತಲ ಲಾರಿಯಿಂದ ಆಗಷ್ಟೇ ಇಳಿದ ಹಣ್ಣಿನ ನಡುಭಾಗ ಇನ್ನೂ ತಣ್ಣಗಿರಬಹುದು. ಪೆಟ್ಟಿಗೆಗಳ ನಡುವೆ ಅನಿಲ ಓಡಾಡಲು ಸಂದು ಬಿಡುತ್ತಾರೆ, ಕೋಣೆಯೊಳಗೆ ಫ್ಯಾನು ತಿರುಗುತ್ತದೆ, ಮೇಲೆ, ನಡುವೆ, ಕೆಳಗೆ ಸಣ್ಣ ಕೊಳವೆ ಇಟ್ಟು ಅನಿಲ ಎಷ್ಟಿದೆ ಎಂದು ಹೊರಗಿನಿಂದಲೇ ಅಳೆಯುತ್ತಾರೆ. ಎರಡು ಗಂಟೆಯ ಕೊನೆಗೆ ನಿಗದಿತ ಮಟ್ಟ ಉಳಿದಿಲ್ಲ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಆ ಕೆಲಸ ಲೆಕ್ಕಕ್ಕೆ ಬರುವುದಿಲ್ಲ.

ಕಿತ್ತಳೆ ಜಾತಿಯ ಹಣ್ಣು ಇದನ್ನು ಸುಮ್ಮನೆ ಸಹಿಸುವುದೂ ಇಲ್ಲ. ಅನಿಲ ಹೆಚ್ಚಾದರೆ, ಹೊತ್ತು ಮೀರಿದರೆ, ಆಮೇಲೆ ಗಾಳಿಯಾಡಿಸುವುದು ತಡವಾದರೆ ಸಿಪ್ಪೆಯಲ್ಲಿ ಕುಳಿ ಬೀಳುತ್ತದೆ, ಕಂದು ಕಲೆ ಏಳುತ್ತದೆ, ರುಚಿ ಕೆಡುತ್ತದೆ. ಕೀಟ ಸಾಯಬೇಕು, ಹಣ್ಣು ಬದುಕಬೇಕು. ಎರಡರ ನಡುವೆ ಇರುವ ಜಾಗ ಬಹಳ ಕಿರಿದು. ಅದಕ್ಕಾಗಿಯೇ ವಿಜ್ಞಾನಿಗಳು ಪ್ರತಿ ಹಣ್ಣಿಗೂ, ಪ್ರತಿ ಕೀಟಕ್ಕೂ ಬೇರೆ ಬೇರೆ ಕೋಷ್ಟಕ ಮಾಡಿದ್ದಾರೆ.

ಇನ್ನೊಂದು ಅನಿಲದ ಕಥೆ ಫ್ಲಾರಿಡಾವನ್ನೂ ನಮ್ಮ ಅಡುಗೆಮನೆಯನ್ನೂ ಒಂದೇ ದಾರದಲ್ಲಿ ಕಟ್ಟುತ್ತದೆ. ಎಥಿಲೀನ್ ಡೈಬ್ರೋಮೈಡ್, ಸಂಕ್ಷೇಪದಲ್ಲಿ ಇಡಿಬಿ. ಫ್ಲಾರಿಡಾದಿಂದ ಜಪಾನಿಗೆ ಹೋಗುತ್ತಿದ್ದ ಹಣ್ಣಿಗೆ ನೊಣದ ಭಯ ನೀಗಲು ಇದನ್ನೇ ಕೊಡುತ್ತಿದ್ದರು. ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ತಿಳಿದಾಗ 1983-84ರಲ್ಲಿ ಅಮೆರಿಕ ಅದರ ಬಳಕೆಗೆ ತಡೆ ಹಾಕಿತು. ರಫ್ತುದಾರರು ಶೀತಲ ಸಂಸ್ಕರಣೆಗೆ ಹೊರಳಿದರು. ಅದೇ ಇಡಿಬಿ ನಮ್ಮಲ್ಲಿ ಬೆರಳುದ್ದದ ಗಾಜಿನ ಆಂಪ್ಯೂಲ್ ಆಗಿ ಮನೆಮನೆಗೆ ಬಂದಿತ್ತು. ಕಣಜದೊಳಗೆ ಇಟ್ಟು ಒಡೆದು ಮುಚ್ಚಿ ಎಂದು ಧಾನ್ಯ ಉಳಿಸುವ ಅಭಿಯಾನದವರು ಕಲಿಸಿದ್ದರು. ಭಾರತದಲ್ಲಿ ಅದು ನಿಷೇಧವಾದದ್ದು 2001ರಲ್ಲಿ. ಆ ಹದಿನೇಳು ವರ್ಷಗಳ ಅಂತರ ನನ್ನನ್ನು ಕಾಡುತ್ತದೆ. ಅಪಾಯದ ಅರಿವು ರಫ್ತಿನ ಹಣ್ಣಿನ ಪೆಟ್ಟಿಗೆಗೆ ಬೇಗ ತಲುಪುತ್ತದೆ, ರೈತನ ಕಣಜಕ್ಕೆ ತಡವಾಗಿ.

ಮೀಥೈಲ್ ಬ್ರೋಮೈಡ್‌ಗೂ ಕಂಟಕ ಬಂತು. ಮೇಲೇರಿ ಓಝೋನ್ ಪದರ ಸವೆಸುತ್ತದೆ ಎಂದು ತಿಳಿದ ಮೇಲೆ 1992ರಲ್ಲಿ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿತು. ಮುಂದುವರಿದ ದೇಶಗಳಿಗೆ 2005, ಉಳಿದವರಿಗೆ 2015 ಗಡುವು. ಗಡಿ ದಾಟುವ ಸರಕಿನ ಕ್ವಾರಂಟೈನ್ ಬಳಕೆಗೆ ಮಾತ್ರ ವಿನಾಯಿತಿ ಉಳಿದಿದೆ. ಆ ವಿನಾಯಿತಿಯೂ ಎಷ್ಟು ದಿನ ಎಂಬ ಪ್ರಶ್ನೆ ಎಲ್ಲ ಹಣ್ಣು ವ್ಯಾಪಾರಿಗಳ ಮುಂದಿದೆ.

ಗುಳಿಗೆ ಹಾಕಿದರೂ ಸಾಯದ ಹುಳ

ಗೋರ್ಟಾದ ಸುತ್ತಿನ ಹಳ್ಳಿಗಳಲ್ಲಿ ಅನಿಲ ಎಂದರೆ ಸಿಲಿಂಡರ್ ಅಲ್ಲ, ಗುಳಿಗೆ. ಅಲ್ಯೂಮಿನಿಯಂ ಫಾಸ್ಫೈಡ್‌ನ ಬೂದು ಬಣ್ಣದ ದಪ್ಪ ಗುಳಿಗೆ, ತೂಕ 3 ಗ್ರಾಂ. ಗಾಳಿಯ ತೇವ ತಾಕಿದರೆ ಒಂದು ಗುಳಿಗೆ 1 ಗ್ರಾಂ ಫಾಸ್ಫೀನ್ ಅನಿಲ ಬಿಟ್ಟು ಬೂದಿಯಾಗುತ್ತದೆ. ಉಗ್ರಾಣಗಳಲ್ಲಿ ತೊಗರಿ, ಕಡಲೆ, ಅಕ್ಕಿ ಉಳಿದಿರುವುದು ಬಹುತೇಕ ಇದರಿಂದಲೇ. ಆದರೂ ಊರಲ್ಲಿ ಕೇಳುವ ದೂರು ಒಂದೇ: "ಗುಳಿಗಿ ಹಾಕೀವ್ರಿ, ಆದ್ರೂ ಹುಳ ಹೋಗವಲ್ದು."

ಹೋಗದಿರುವುದಕ್ಕೆ ಕಾರಣ ಗುಳಿಗೆಯಲ್ಲಿಲ್ಲ. ಉಗ್ರಾಣದಲ್ಲಿ ಕ್ರಮವಾಗಿ ನಡೆಯುವ ಕೆಲಸ ನೋಡಿದರೆ ತಿಳಿಯುತ್ತದೆ. ಚೀಲದ ಥಪ್ಪಿ ಗೋಡೆಗೆ ತಾಗದಂತೆ, ಸುತ್ತ ಒಬ್ಬ ಮನುಷ್ಯ ಓಡಾಡುವಷ್ಟು ಜಾಗ ಬಿಟ್ಟು ನಿಂತಿರುತ್ತದೆ. ಅದರ ಮೇಲೆ ತೂತಿಲ್ಲದ, ಅನಿಲ ಹಾಯದ ದಪ್ಪ ಹೊದಿಕೆ ಎಳೆಯುತ್ತಾರೆ. ಹೊದಿಕೆಯ ಅಂಚು ನೆಲದ ಮೇಲೆ ಎರಡು ಮೂರು ಅಡಿ ಹರಡಿ ಬೀಳಬೇಕು. ಆ ಅಂಚಿನ ಮೇಲೆ ಮರಳು ತುಂಬಿದ ಉದ್ದುದ್ದ ಚೀಲಗಳನ್ನು ಒಂದರ ತುದಿಗೆ ಒಂದು ಹತ್ತಿಸಿ ಸುತ್ತಲೂ ಇಡುತ್ತಾರೆ. ಮೂಲೆಯಲ್ಲಿ ಹೊದಿಕೆ ಮಡಚಿಕೊಳ್ಳುವ ಕಡೆ ಅನಿಲ ಸೋರುವುದು ಹೆಚ್ಚು, ಅಲ್ಲಿ ಎರಡು ಸಾಲು. ನೆಲ ಬಿರುಕು ಬಿಟ್ಟಿದ್ದರೆ ಮೊದಲೇ ಮುಚ್ಚಿರಬೇಕು. ಗುಳಿಗೆಗಳನ್ನು ರಾಶಿ ಹಾಕದೆ ತಟ್ಟೆಗಳಲ್ಲಿ ಬಿಡಿಬಿಡಿಯಾಗಿ ಹರಡಿ ಹೊದಿಕೆಯ ಕೆಳಗೆ ತಳ್ಳಿ, ಕೊನೆಯ ಅಂಚನ್ನೂ ಮರಳಿನಿಂದ ಮುಚ್ಚಿ ಹೊರಬರುತ್ತಾರೆ. ಬಾಗಿಲಿಗೆ ಬೀಗ, ಅಪಾಯದ ಫಲಕ. ಆಮೇಲೆ ಏಳು ದಿನ ಯಾರೂ ಮುಟ್ಟುವಂತಿಲ್ಲ.

ಈ ಏಳು ದಿನವೇ ಎಲ್ಲದರ ತಿರುಳು. ಫಾಸ್ಫೀನ್ ಉಸಿರಾಡುವ ಜೀವವನ್ನು ಕೊಲ್ಲುತ್ತದೆ. ಓಡಾಡುವ ದುಂಬಿ, ಮೇಯುವ ಮರಿ ಬೇಗ ಸಾಯುತ್ತವೆ. ಮೊಟ್ಟೆ ಮತ್ತು ಕೋಶ ಹೆಚ್ಚು ಉಸಿರಾಡುವುದಿಲ್ಲ, ಅವು ತಾಳುತ್ತವೆ. ದಿನ ಕಳೆದಂತೆ ಮೊಟ್ಟೆ ಒಡೆದು ಮರಿಯಾಗಬೇಕು, ಕೋಶ ಮಾಗಿ ದುಂಬಿಯಾಗಬೇಕು, ಆ ಹೊತ್ತಿನಲ್ಲಿ ಅನಿಲ ಇನ್ನೂ ಒಳಗಿರಬೇಕು. ಎರಡು ದಿನಕ್ಕೆ ಸೋರಿಹೋದರೆ ಕಣ್ಣಿಗೆ ಕಂಡ ಹುಳ ಸತ್ತಿರುತ್ತದೆ, ಕಾಣದ್ದು ಉಳಿದಿರುತ್ತದೆ. ತಿಂಗಳಿಗೆ ಮತ್ತೆ ಹುಳ. ಆಗ ನಾವು ಗುಳಿಗೆಯ ಸಂಖ್ಯೆ ಹೆಚ್ಚಿಸುತ್ತೇವೆ, ದಿನವನ್ನಲ್ಲ. ಅನಿಲ ಏಕಾಏಕಿ ಬಹಳ ಹೆಚ್ಚಾದರೆ ಹಲವು ಕೀಟಗಳು ಮಂಪರು ಬಿದ್ದು ಉಸಿರು ತಗ್ಗಿಸಿ ಬದುಕಿಬಿಡುತ್ತವೆ ಎಂಬುದನ್ನೂ ವಿಜ್ಞಾನಿಗಳು ತೋರಿಸಿದ್ದಾರೆ. 1972-73ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಜಗತ್ತಿನ ಉದ್ದಗಲಕ್ಕೂ ನಡೆಸಿದ ಸಮೀಕ್ಷೆಯಲ್ಲೇ ಫಾಸ್ಫೀನ್‌ಗೆ ಒಗ್ಗಿದ ಗೋದಾಮು ಕೀಟಗಳು ಸಿಕ್ಕಿದ್ದವು. ಇಂದು ಭಾರತದ ಹಲವೆಡೆ ಅವುಗಳ ತಾಳುವ ಬಲ ಬಹಳ ಹೆಚ್ಚಿದೆ. ನೂರು ವರ್ಷದ ಹಿಂದೆ ಕಿತ್ತಳೆ ತೋಟದಲ್ಲಿ ಆದದ್ದೇ ಇಲ್ಲಿ ಮತ್ತೆ ಆಗಿದೆ.

ಹಳ್ಳಿಯ ಮನೆಯಲ್ಲಿ ಏನು ನಡೆಯುತ್ತದೆ? ಗೋಣಿಚೀಲದ ಬಾಯಿಯಲ್ಲಿ ಬಟ್ಟೆಗೆ ಕಟ್ಟಿದ ಎರಡು ಗುಳಿಗೆ. ಮೇಲೆ ಹಳೆ ತಾಡಪತ್ರಿ. ಗೋಣಿಯ ಪ್ರತಿ ಎಳೆಯ ನಡುವೆ ತೂತು. ಅನಿಲ ಚೀಲದಲ್ಲಿ ನಿಲ್ಲುವುದಿಲ್ಲ, ಮನೆಯಲ್ಲಿ ನಿಲ್ಲುತ್ತದೆ. ಅದೇ ಕೋಣೆಯಲ್ಲಿ, ಇಲ್ಲವೇ ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ. ರಾತ್ರಿ ವಾಂತಿ, ಹೊಟ್ಟೆನೋವು, ಎದೆ ಬಿಗಿತ. ತಿಂದದ್ದು ಕೆಟ್ಟಿರಬೇಕು ಎಂದುಕೊಂಡು ಬೆಳಗಿನವರೆಗೆ ಕಾಯುತ್ತಾರೆ. ದೇಶದ ಹಲವೆಡೆ ಹೀಗೆ ಮನೆಮಂದಿ ಸತ್ತ ಸುದ್ದಿ ಆಗಾಗ ಓದುತ್ತೇವೆ. ಫಾಸ್ಫೀನ್‌ಗೆ ಪ್ರತಿವಿಷವಿಲ್ಲ. ಬೆಳ್ಳುಳ್ಳಿಯಂಥ, ಕಾರ್ಬೈಡಿನಂಥ ವಾಸನೆ ಬರುತ್ತದೆ ನಿಜ, ಅದನ್ನು ನಂಬಿ ಕೂರುವಂತಿಲ್ಲ; ವಾಸನೆ ಅಡಗಿದ ಮೇಲೂ ಅನಿಲ ಇರಬಹುದು. ವಾಸನೆ ಬಂದರೆ ಮೊದಲು ಜನರನ್ನು ಹೊರಗೆ ಕಳುಹಿಸಿ ಬಾಗಿಲು ಕಿಟಕಿ ತೆರೆಯಬೇಕು, ಆಸ್ಪತ್ರೆಯಲ್ಲಿ ಮರೆಯದೆ "ಕಾಳಿಗೆ ಗುಳಿಗೆ ಹಾಕಿದ್ದೆವು" ಎಂದು ಹೇಳಬೇಕು. ವೈದ್ಯರಿಗೆ ಆ ಒಂದು ಮಾತು ಸಿಕ್ಕರೆ ದಾರಿ ಬೇರೆಯಾಗುತ್ತದೆ.

ಕಾನೂನು ಇದನ್ನು ಬಹಳ ಹಿಂದೆಯೇ ಕಂಡಿದೆ. ಸರ್ಕಾರಿ ಸಂಸ್ಥೆಗಳು ಮತ್ತು ಪರವಾನಗಿ ಪಡೆದ ಕೀಟ ನಿಯಂತ್ರಕರು ಮಾತ್ರ, ಬಲ್ಲವರ ಮೇಲ್ವಿಚಾರಣೆಯಲ್ಲಿ ಈ ಗುಳಿಗೆ ಬಳಸಬೇಕು. ಜನರ ಕೈಗೆ ಸುಲಭವಾಗಿ ಸಿಗುತ್ತಿದ್ದ 10 ಮತ್ತು 20 ಗುಳಿಗೆಗಳ ಕೊಳವೆ ಪೊಟ್ಟಣ 2001ರಿಂದ ಪೂರ್ತಿ ನಿಷೇಧ. ಹೀಗಿದ್ದೂ ಗುಳಿಗೆ ಹಳ್ಳಿಗೆ ಬರುತ್ತದೆ, ಕಾಳಿನ ಹುಳಕ್ಕೆಂದು ತಂದದ್ದು ಸಾಲದ ರಾತ್ರಿಗಳಲ್ಲಿ ಆತ್ಮಹತ್ಯೆಗೂ ಸಿಗುತ್ತದೆ. ಬೇರೆ ದಾರಿ ಕೈಗೆ ಕೊಡದೆ ಬರೀ ನಿಷೇಧದ ಹಾಳೆ ತೋರಿಸಿದರೆ ಈ ಸಾವು ನಿಲ್ಲುವುದಿಲ್ಲ.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ಪೇಟೆಯಲ್ಲಿ "ಗ್ಯಾಸ್ ಹಾಕಿದ ಹಣ್ಣು" ಎಂದು ಜನ ಬೈಯುವುದು ಮಾಗಿಸುವ ಅನಿಲವನ್ನು. ಮೋಸಂಬಿ, ಕಿತ್ತಳೆಗೆ ಬಣ್ಣ ಬರಿಸಲು, ಮಾವು ಬಾಳೆ ಹಣ್ಣಾಗಿಸಲು ಎಥಿಲೀನ್ ಕೊಡಲು ಅನುಮತಿ ಇದೆ. ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ಅಪರಾಧ, ಅದರಿಂದ ಬರುವ ಅಸಿಟಿಲೀನ್ ಜತೆ ಆರ್ಸೆನಿಕ್ ಮತ್ತು ರಂಜಕದ ವಿಷಾನಿಲ ಬೆರೆತಿರುತ್ತದೆ. ಕೀಟಕ್ಕಾಗಿ ಕೊಡುವ ಅನಿಲ ಇದಕ್ಕಿಂತ ಪೂರ್ತಿ ಬೇರೆ ಕೆಲಸ. ಕೆಲಸ ಮುಗಿದ ಮೇಲೆ ಹಣ್ಣನ್ನು ಗಾಳಿಗೆ ಬಿಟ್ಟು ಅನಿಲ ಹೊರಹಾಕುವುದು ಆ ಕ್ರಮದ ಕಡ್ಡಾಯ ಭಾಗ.

ಮೈಸೂರಿನಲ್ಲಿ ಹುಡುಕಿದ ದಾರಿ

ಇಷ್ಟೆಲ್ಲ ವಿಷದ ನಡುವೆ ಕನ್ನಡ ನಾಡಿನ ಒಂದು ಪ್ರಯೋಗಾಲಯ ಬೇರೆ ದಿಕ್ಕಿನಲ್ಲಿ ನೋಡಿತ್ತು. ಮೈಸೂರಿನ ಚೆಲುವಾಂಬ ಮಹಲಿನಲ್ಲಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಜನರ ಬಾಯಲ್ಲಿ ಸಿಎಫ್‌ಟಿಆರ್‌ಐ. ಅಲ್ಲಿನ ಎಂ. ಮುತ್ತು, ಎಸ್. ರಾಜೇಂದ್ರನ್, ಎಸ್.ಕೆ. ಮಜುಂದಾರ್ ಮತ್ತು ಸಹೋದ್ಯೋಗಿಗಳು 1984ರಲ್ಲಿ ಎಥೈಲ್ ಫಾರ್ಮೇಟ್ ಸುರಕ್ಷಿತ ಧೂಮಕವಾಗಬಲ್ಲದು ಎಂದು ಪ್ರಬಂಧ ಪ್ರಕಟಿಸಿದರು. ಎಥೈಲ್ ಫಾರ್ಮೇಟ್ ಹಲವು ಹಣ್ಣು, ಆಹಾರಗಳಲ್ಲಿ ತಾನಾಗಿಯೇ ಅಲ್ಪಸ್ವಲ್ಪ ಇರುವ, ಹಣ್ಣಿನ ಪರಿಮಳದ ರಾಸಾಯನಿಕ. ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ, ಓಝೋನ್‌ಗೆ ಧಕ್ಕೆ ಇಲ್ಲ, ಉಳಿಕೆ ಬೇಗ ಒಡೆದುಹೋಗುತ್ತದೆ. ಬೆಂಕಿಗೆ ಹತ್ತುವ ಗುಣ ಅದರ ಕೊರತೆ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಜತೆ ಬೆರೆಸಿ ಸಿಲಿಂಡರ್‌ನಲ್ಲಿ ತುಂಬುವ ಉಪಾಯವನ್ನು ಮುಂದೆ ಆಸ್ಟ್ರೇಲಿಯಾದಲ್ಲಿ ಕಂಡುಕೊಂಡರು. ಇಂದು ದಕ್ಷಿಣ ಕೊರಿಯಾ ಆಮದು ಕಿತ್ತಳೆ, ಬಾಳೆಗೆ ಇದನ್ನು ಬಳಸುತ್ತದೆ. ಹಣ್ಣಿನ ಮೇಲ್ಮೈ ಕೀಟಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಒಳಗೆ ಅಡಗಿದ ಮರಿಗೆ ಅಷ್ಟಾಗಿ ತಲುಪದು. ಮೈಸೂರಿನಲ್ಲಿ ಕಂಡ ಈ ದಾರಿ ಮೈಸೂರಿನ ನಾಡಿನ ಗೋದಾಮುಗಳಿಗೇ ಇನ್ನೂ ದೂರವಾಗಿ ಉಳಿದಿದೆ ಎಂಬ ಕೊರಗು ನನ್ನದು.

ಕಿತ್ತಳೆಗೆ ಫಾಸ್ಫೀನನ್ನೂ ಬಳಸುತ್ತಾರೆ, ಆದರೆ ಗುಳಿಗೆಯಾಗಿ ಅಲ್ಲ. ಗುಳಿಗೆಯಿಂದ ಏಳುವ ಅಮೋನಿಯಾ ಸಿಪ್ಪೆ ಕೆಡಿಸುತ್ತದೆ. ಹಾಗಾಗಿ ಸಿಲಿಂಡರ್‌ನಿಂದ ಶುದ್ಧ ಅನಿಲವನ್ನು ತಂಪು ಕೋಣೆಗೆ ಬಿಡುವ ಕ್ರಮ ಚಿಲಿಯಂಥ ಹಣ್ಣು ರಫ್ತಿನ ದೇಶಗಳಲ್ಲಿ ಬೆಳೆಯಿತು. ಅನಿಲವೇ ಬೇಡ ಎಂದರೆ ಚಳಿ ಇದೆ: 1.1 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ 14 ದಿನ, 2.2 ಡಿಗ್ರಿಯಾದರೆ 18 ದಿನ. ಮೆಡಿಟರೇನಿಯನ್ ನೊಣದ ಮರಿ ಬದುಕುವುದಿಲ್ಲ. ದಕ್ಷಿಣ ಆಫ್ರಿಕಾದ ಕಿತ್ತಳೆ ಹಡಗಿನಲ್ಲೇ ಈ ಚಳಿಗೆ ಸಿಕ್ಕು ಬರುತ್ತದೆ. ಮಾವಿಗೆ ಬಿಸಿ: ಯುರೋಪಿಗೆ ಹೋಗುವ ನಮ್ಮ ಮಾವು 48 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಮುಳುಗುತ್ತದೆ, ಅಮೆರಿಕಕ್ಕೆ ಹೋಗುವುದು 2007ರಿಂದ ವಿಕಿರಣಕ್ಕೆ ಒಡ್ಡಿಕೊಳ್ಳುತ್ತದೆ. 2014ರ ಮೇ ತಿಂಗಳಿಂದ 2015ರ ಜನವರಿವರೆಗೆ ಯುರೋಪ್ ಒಕ್ಕೂಟ ಭಾರತದ ಮಾವನ್ನು ಬಾಗಿಲಲ್ಲೇ ನಿಲ್ಲಿಸಿತ್ತು. ಕಾರಣ ಹಣ್ಣಿನ ನೊಣ.

ನಮ್ಮ ಸರ್ಕಾರವೂ ಬೇರೆಯವರ ಮುಂದೆ ಇಷ್ಟೇ ಕಟ್ಟುನಿಟ್ಟು. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರಗಿನಿಂದ ಬರುವ ಬೇಳೆಕಾಳು ಅಲ್ಲೇ ಮೀಥೈಲ್ ಬ್ರೋಮೈಡ್ ಪಡೆದು ಬರಬೇಕು. ಕೆನಡಾ ಬಟಾಣಿ ಕಳುಹಿಸುವಾಗ, ತನ್ನ ಚಳಿಯಲ್ಲಿ ಅನಿಲ ಕೆಲಸ ಮಾಡುವುದಿಲ್ಲ, ಓಝೋನ್ ಒಪ್ಪಂದಕ್ಕೂ ಅದು ಒಗ್ಗದು ಎಂದು ವರ್ಷಗಟ್ಟಲೆ ವಿನಾಯಿತಿ ಕೇಳುತ್ತಾ ಬಂತು. 2017ರ ಹೊತ್ತಿಗೆ ಅದೇ ದೊಡ್ಡ ವ್ಯಾಪಾರದ ಜಗಳವಾಯಿತು. ಆಫ್ರಿಕಾ, ಮ್ಯಾನ್ಮಾರ್‌ನ ತೊಗರಿ ಮುಂಬೈಗೆ ಬಂದಿಳಿದ ವಾರ ಹುಮನಾಬಾದ್ ಗಂಜಿನ ಧಾರಣೆ ಅಲುಗುತ್ತದೆ ಎಂದು ಬಲ್ಲ ರೈತನಿಗೆ ಈ ಅನಿಲದ ರಾಜಕೀಯ ದೂರದ್ದಲ್ಲ.

ಗೋರ್ಟಾಕ್ಕೆ ಬೇಕಾದದ್ದು

ವಿಜಯಪುರ ಸೀಮೆಯ ಇಂಡಿ ಊರಿನ ನಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ, 2025ರಲ್ಲಿ ಅದು ಸಂಯುಕ್ತ ಅರಬ್ ಸಂಸ್ಥಾನಕ್ಕೆ ಹೋಗಿದೆ. ಕಲಬುರ್ಗಿಯ ತೊಗರಿಗೂ ಆ ಗುರುತು ಇದೆ. ಹೆಸರು ಸಿಕ್ಕ ಫಸಲು ದೂರ ಹೋಗುತ್ತದೆ. ದೂರ ಹೋಗುವ ಫಸಲಿಗೆ ಕ್ವಾರಂಟೈನ್ ಪ್ರಶ್ನೆ ಬಂದೇ ಬರುತ್ತದೆ. ಸಂಸ್ಕರಣಾ ಕೇಂದ್ರಗಳು ಬಂದರು, ವಿಮಾನ ನಿಲ್ದಾಣಗಳ ಸುತ್ತ ಸೇರಿಕೊಂಡಿವೆ. ಪುಣೆ-ಹೈದರಾಬಾದ್ ಹೆದ್ದಾರಿಯ ಮೇಲಿರುವ ಹುಮನಾಬಾದ್‌ನಂಥ ಊರಿನಲ್ಲಿ ಹಣ್ಣಿಗೂ ಕಾಳಿಗೂ ಆಗುವ, ಅನಿಲ ಅಳೆಯುವ ಯಂತ್ರವಿರುವ, ತರಬೇತಾದ ಜನರಿರುವ ಒಂದು ಸಾರ್ವಜನಿಕ ಕೇಂದ್ರ ಬೇಕು. ತರಬೇತಿಗೆ ದೂರ ಹೋಗಬೇಕಿಲ್ಲ. ಹೈದರಾಬಾದ್ ರಾಜೇಂದ್ರನಗರದ ರಾಷ್ಟ್ರೀಯ ಸಸ್ಯ ಆರೋಗ್ಯ ನಿರ್ವಹಣಾ ಸಂಸ್ಥೆ ಧೂಮೀಕರಣದವರನ್ನು ತಯಾರು ಮಾಡುತ್ತದೆ. ಬಸವಕಲ್ಯಾಣದ ಹುಡುಗರು ಅಲ್ಲಿ ಕಲಿತು ಬಂದು ಊರಿನಲ್ಲೇ ಈ ಕೆಲಸ ಹಿಡಿಯಬಹುದು.

ಮನೆಯ ಕಾಳಿಗೆ ಗುಳಿಗೆ ಬೇಕಾಗಿಯೇ ಇಲ್ಲ. ಹಲ್ಲಿಗೆ ಕಡಿದರೆ ಕಟ್ಟನೆ ಮುರಿಯುವಷ್ಟು ಬಿಸಿಲಿಗೆ ಒಣಗಿಸಿ, ಆರಿಸಿ, ಗಾಳಿಯಾಡದ ಒಳಪದರದ ಚೀಲಕ್ಕೆ ತುಂಬಿ ಬಾಯಿ ತಿರುಚಿ ಬಿಗಿದು ಕಟ್ಟಿದರೆ ಸಾಕು. ಮೂರು ಪದರದ ಇಂಥ ಚೀಲವನ್ನು 1980ರ ದಶಕದ ಕೊನೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನ್‌ನ ಅಲಸಂದೆ ಬೆಳೆಗಾರರಿಗಾಗಿ ಮಾಡಿದರು. ಅಲ್ಲಿನ ಹುಳ ನಮ್ಮ ಬೇಳೆಕಾಳಿನ ದುಂಬಿಯ ಒಡಹುಟ್ಟಿದ್ದು. ಬೀಜಕ್ಕೆ ಇಟ್ಟ ಕಾಳಿಗೆ ನಮ್ಮ ಅಜ್ಜಿಯರ ಕೆಮ್ಮಣ್ಣು, ಬೂದಿ, ಔಡಲೆಣ್ಣೆಯ ಲೇಪ ಇಂದಿಗೂ ಕೆಲಸ ಮಾಡುತ್ತದೆ; ಎಣ್ಣೆ ಮೊಟ್ಟೆಯ ಉಸಿರು ಕಟ್ಟಿಸುತ್ತದೆ. ಒಂದು ಚೀಲಕ್ಕೆ ನೂರಿನ್ನೂರು ಹೆಚ್ಚು ಬಿದ್ದರೂ ಬೀಜದ ನಷ್ಟಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಕೃಷಿ ಇಲಾಖೆ ಬಿತ್ತನೆ ಬೀಜದ ರಿಯಾಯಿತಿಯ ಜತೆಗೇ ಈ ಚೀಲವನ್ನೂ ಕೊಡಬೇಕು.

ಗೋದಾಮಿನಲ್ಲಿ ಇಟ್ಟ ಕಾಳಿನ ಮಾತು ಬೇರೆ. ಅಲ್ಲಿ ಅನಿಲ ಬೇಕು, ಅದು ಸರಿಯಾಗಿ ಬೇಕು. ಗಡಿ ದಾಟುವ ಪ್ರತಿ ಹಣ್ಣಿನ ಪೆಟ್ಟಿಗೆಯ ಜತೆ ಒಂದು ಸಸ್ಯ ಆರೋಗ್ಯ ಪ್ರಮಾಣಪತ್ರ ಹೋಗುತ್ತದೆ. ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಮಾದರಿಯ ಆ ಪತ್ರದಲ್ಲಿ ಸಂಸ್ಕರಣೆಗೆಂದೇ ಒಂದು ಭಾಗವಿದೆ: ಯಾವ ದಿನ, ಯಾವ ರಾಸಾಯನಿಕ, ಎಷ್ಟು ಪ್ರಮಾಣ, ಎಷ್ಟು ಹೊತ್ತು, ಎಷ್ಟು ತಾಪಮಾನ. ವಿದೇಶದ ಗಿರಾಕಿ ಕೇಳುತ್ತಾನೆ, ನಾವು ಬರೆದುಕೊಡುತ್ತೇವೆ. 2007ರ ಉಗ್ರಾಣ ಕಾಯ್ದೆಯ ಕೆಳಗೆ ಗೋದಾಮಿನ ರಸೀದಿಯ ಮೇಲೆ ಸಾಲ ಎತ್ತುವ ವ್ಯವಸ್ಥೆ ಬಂದಿದೆ, ರಸೀದಿ ಮೊಬೈಲ್‌ಗೇ ಬರುವ ಕಾಲವೂ ಬಂದಿದೆ. ಅದರಲ್ಲಿ ತೂಕ, ದರ್ಜೆ, ಚೀಲದ ಲೆಕ್ಕ ಕಾಣುತ್ತದೆ. ಗೋರ್ಟಾದ ರೈತ ಆರು ತಿಂಗಳು ತೊಗರಿ ಇಟ್ಟು ಬಾಡಿಗೆ ಕಟ್ಟುವಾಗ ಅದೇ ರಸೀದಿಯಲ್ಲಿ ಇನ್ನೊಂದು ಸಾಲು ಇರಲಿ: ಯಾವ ದಿನ ಹೊದಿಕೆ ಹಾಕಿದಿರಿ, ಯಾವ ದಿನ ತೆಗೆದಿರಿ, ಕೊನೆಯ ದಿನ ಒಳಗೆ ಎಷ್ಟು ಅನಿಲ ಉಳಿದಿತ್ತು, ಅಳೆದವರು ಯಾರು. ಈ ಹಿಂಗಾರಿನ ಕಡಲೆ ಗೋದಾಮಿಗೆ ಬರುವ ಮೊದಲೇ ಆ ಸಾಲು ಸೇರಬೇಕು.